ಹೊಸದಾಗಿ ಮಾಡಿದ ಹಳೇ ಮಾದರಿ ರೈಫಲ್, ನಂಬರ್ ಒಂದೇ ಇದ್ದರೆ ಯಾವ ತೋಟ ಬೇಕಾದರೂ ಹಾಕಬಹುದಾ?

ಹನುಮಂತನಗರ ಹುಡುಗ

ಎಲ್ಲರಿಗೂ ನಮಸ್ಕಾರ. ಕೋವಿ ವಿಷಯ ಗೊತ್ತಿರುವವರು ಸ್ವಲ್ಪ ಹೇಳಿ, ತುಂಬಾ ಯೋಚನೆ ಆಗಿದೆ.

ನಮ್ಮ ಅಕ್ಕ ಭಾವ ಇರುವುದು ಅಮೆರಿಕದ ಮೊಂಟಾನಾದಲ್ಲಿ. ಭಾವನಿಗೆ ಗ್ರೀನ್ ಕಾರ್ಡ್ ಇದೆ. ಅಲ್ಲಿನ ಕಾನೂನು ಪ್ರಕಾರವೇ ಒಂದು ರೈಫಲ್ ತೆಗೆದುಕೊಂಡಿದ್ದಾರೆ. 1873ರ ಸ್ಪ್ರಿಂಗ್‌ಫೀಲ್ಡ್ ಟ್ರ್ಯಾಪ್‌ಡೋರ್ ಅಂತ ಹೆಸರು. ಅಸಲಿ ಹಳೇದಲ್ಲ, ಇಟಲಿಯಲ್ಲಿ ಈಚೆಗೆ ಮಾಡಿರುವ ನಕಲು. ಸಲಕ್ಕೆ ಒಂದೇ ತೋಟ, ಅಂದರೆ ಮದ್ದು ಗುಂಡು ಸೇರಿದ ಕಾಡತೂಸು. ನಳಿಗೆಯ ಹಿಂದೆ ಒಂದು ಮುಚ್ಚಳ ಇದೆ, ಅದನ್ನು ಮೇಲಕ್ಕೆ ಎತ್ತಿ ತೋಟ ಇಟ್ಟು, ಮುಚ್ಚಿ, ಹೊಡೆಯಬೇಕು. ವಿಡಿಯೋ ಕಾಲ್‌ನಲ್ಲಿ ತೋರಿಸಿದರು, ನಿಜಕ್ಕೂ ಚೆಂದ ಇದೆ.

ಯೋಚನೆ ಇರುವುದು ತೋಟದ್ದು. ಯಾರೋ ತೀರಿಕೊಂಡವರ ಮನೆಯ ಸಾಮಾನು ಮಾರುವಾಗ ಭಾವ ಮೂರು ಡಬ್ಬಿ ತೋಟ ತಂದಿದ್ದಾರೆ. ಮೂರರ ಮೇಲೂ .45-70 ಅಂತಲೇ ಇದೆ, ರೈಫಲ್ ಮೇಲೂ ಅದೇ. ಮೊದಲನೇದು ದೊಡ್ಡ ಕಂಪನಿಯದು, 405 ಗ್ರೇನ್ ಗುಂಡು, ಡಬ್ಬಿ ಒಡೆದಿಲ್ಲ. ಎರಡನೇದರ ಮೇಲೆ ‘ಪ್ಲಸ್ ಪಿ’ ಅಂತ ಇದೆ, ಕೆಳಗೆ ಸಣ್ಣ ಅಕ್ಷರದಲ್ಲಿ ಏನೋ ಎಚ್ಚರಿಕೆ ಇದೆ, ಫೋಟೋದಲ್ಲಿ ಓದಲು ಆಗುತ್ತಿಲ್ಲ. ಮೂರನೇದು ಪ್ಲಾಸ್ಟಿಕ್ ಡಬ್ಬಿ. ಮೇಲೆ ಬಿಳಿ ಟೇಪ್ ಅಂಟಿಸಿ ಪೆನ್ನಿನಲ್ಲಿ ಬರೆದಿದ್ದಾರೆ, ಅರ್ಧ ಅಳಿಸಿ ಹೋಗಿದೆ. ಅದರಲ್ಲಿ ಕೆಲವು ತೋಟಕ್ಕೆ ಹಸಿರು ಕಿಲುಬು ಬಂದಿದೆ.

ಭಾವ ಹೇಳುವುದು ಇಷ್ಟೇ: “ಹೊಸ ರೈಫಲ್, ಹೊಸ ಉಕ್ಕು. ನಂಬರ್ ಒಂದೇ. ತೋಟ ಒಳಗೆ ಸರಿಯಾಗಿ ಕೂತಿದೆ. ಇನ್ನೇನು ನೋಡಬೇಕು?” ಮುಂದಿನ ತಿಂಗಳು ನಾನು ಅಪ್ಪ ಅಮ್ಮನನ್ನು ಕರೆದುಕೊಂಡು ಅಲ್ಲಿಗೆ ಹೋಗುತ್ತಿದ್ದೇನೆ, ಆಗ ಒಟ್ಟಿಗೆ ಹೊಡೆಯೋಣ ಅಂತ ಮೂರೂ ಡಬ್ಬಿ ತೆಗೆದಿಟ್ಟಿದ್ದಾರೆ. ನನಗೆ ಏನೋ ಸರಿ ಅನ್ನಿಸುತ್ತಿಲ್ಲ, ಆದರೆ ಯಾಕೆ ಅಂತ ಹೇಳಲು ಬರುತ್ತಿಲ್ಲ. ಅವರು ಹೇಳಿದ್ದು ಸರಿನಾ?

---

ಗುರಿಕಾರ

ಮೊದಲು ಒಂದು ಕೆಲಸ ಮಾಡಿ. ಎರಡನೇ ಮತ್ತು ಮೂರನೇ ಡಬ್ಬಿ ಮುಟ್ಟಬೇಡಿ ಅಂತ ಭಾವನಿಗೆ ಈಗಲೇ ಮೆಸೇಜ್ ಹಾಕಿ. ಕಾರಣ ಆಮೇಲೆ ನಿಧಾನವಾಗಿ ಓದಿಕೊಳ್ಳಲಿ.

ಕೆಲಸದ ಮೇಲೆ ಅಲ್ಲಿದ್ದಾಗ ಹಳೇ ಮಾದರಿ ರೈಫಲ್ ಹೊಡೆಯುವವರ ಜೊತೆ ತುಂಬಾ ಓಡಾಡಿದ್ದೇನೆ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ನಿಮ್ಮ ಭಾವ ಹೇಳಿದ ಮೂರೂ ಮಾತು ನಿಜವೇ. ರೈಫಲ್ ಹೊಸದು, ನಂಬರ್ ಒಂದೇ, ತೋಟ ಕೂರುತ್ತದೆ. ಅಪಾಯ ಇರುವುದೂ ಅಲ್ಲೇ. ಕೂರದಿದ್ದರೆ ಯಾರೂ ಹೊಡೆಯುತ್ತಲೇ ಇರಲಿಲ್ಲ ಅಲ್ವಾ?

.45-70 ಅನ್ನುವುದು 1873ರಲ್ಲಿ ಅಮೆರಿಕದ ಸೈನ್ಯ ತಂದ ತೋಟ. 45 ಅಂದರೆ ಗುಂಡಿನ ಅಳತೆ, ಒಂದು ಇಂಚಿನ ನೂರರಲ್ಲಿ 45 ಪಾಲು. 70 ಅಂದರೆ ಒಳಗೆ ಹಾಕುತ್ತಿದ್ದ ಕರಿಮದ್ದು, 70 ಗ್ರೇನ್, ನಮ್ಮ ಲೆಕ್ಕದಲ್ಲಿ ನಾಲ್ಕೂವರೆ ಗ್ರಾಂ. ಗುಂಡು 405 ಗ್ರೇನ್ ಸೀಸ, 26 ಗ್ರಾಂ ಹತ್ತಿರ. ಕುದುರೆ ಸವಾರರ ಗಿಡ್ಡ ರೈಫಲ್‌ಗೆ ಹಿಂದೊದೆತ ಜಾಸ್ತಿ ಆಗುತ್ತದೆ ಅಂತ ಮದ್ದನ್ನು 55 ಗ್ರೇನ್‌ಗೆ ಇಳಿಸಿದ್ದರು. ಅಷ್ಟು ದಿನದಿಂದಲೂ ತೋಟದ ಹೊರಗಿನ ಅಳತೆ ಬದಲಾಗಿಲ್ಲ. ಒಳಗಿನ ಮದ್ದು ಪೂರ್ತಿ ಬದಲಾಗಿದೆ. ಈಗ ಹಾಕುವುದು ಹೊಗೆಯಿಲ್ಲದ ಮದ್ದು, ಅದರ ಕಸುವೇ ಬೇರೆ.

ಈಗ ಅಲ್ಲಿ ಇದೇ ತೋಟವನ್ನು ಮೂರು ಥರದ ರೈಫಲ್‌ನಲ್ಲಿ ಹೊಡೆಯುತ್ತಾರೆ. ತೋಟ ತುಂಬುವವರ ಕೈಪಿಡಿ ತೆಗೆದರೆ .45-70 ಅಂತ ಒಂದೇ ಕಡೆ ಇರುವುದಿಲ್ಲ, ಮೂರು ಭಾಗ ಬೇರೆ ಬೇರೆ ಮಾಡಿರುತ್ತಾರೆ. ಒಂದು ಟ್ರ್ಯಾಪ್‌ಡೋರ್‌ಗೆ. ಇನ್ನೊಂದು 1895 ಮಾರ್ಲಿನ್ ಥರದ ಲಿವರ್ ರೈಫಲ್‌ಗೆ. ಮೂರನೇದು ರೂಗರ್ ನಂಬರ್ 1 ಥರದ ಗಟ್ಟಿ ಹೊಸ ರೈಫಲ್‌ಗೆ. ಮೊದಲನೇದರ ಒತ್ತಡದ ಮಿತಿ 28,000. ಎರಡನೇದು 40,000ದ ಆಸುಪಾಸು. ಮೂರನೇದು 50,000ದ ತನಕ ಹೋಗುತ್ತದೆ. ಮೂರೂ ತೋಟ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದು ಅಂತ ನೋಡಿ ಹೇಳಲು ಯಾರಿಗೂ ಆಗುವುದಿಲ್ಲ. ಹಿತ್ತಾಳೆಯ ಬುಡದ ಮೇಲೂ ಅದೇ 45-70 ಅಂತಲೇ ಒತ್ತಿರುತ್ತದೆ.

ಅಮೆರಿಕದ ತಯಾರಕರ ಸಂಸ್ಥೆ ಸಾಮಿ ಇದೆಯಲ್ಲ, ಅದು ಈ ತೋಟಕ್ಕೆ ಇಟ್ಟಿರುವ ಗರಿಷ್ಠ ಒತ್ತಡ 28,000 ಪಿಎಸ್‌ಐ. ಆಧುನಿಕ ರೈಫಲ್ ತೋಟದ ಲೆಕ್ಕದಲ್ಲಿ ಇದು ತೀರಾ ಕಮ್ಮಿ. ಅಸಲಿ ಹಳೇ ಟ್ರ್ಯಾಪ್‌ಡೋರ್‌ಗಳು ಇನ್ನೂ ಜನರ ಕೈಯಲ್ಲಿ ಇವೆ, ಅವುಗಳಿಗೆ ಏನೂ ಆಗಬಾರದು ಅಂತಲೇ ಹಾಗೆ ಇಟ್ಟಿದ್ದಾರೆ. ಆದ್ದರಿಂದ ದೊಡ್ಡ ಕಂಪನಿಯ ಸಾಧಾರಣ ತೋಟ ಈ ಮಿತಿಯೊಳಗೆ ಇರುತ್ತದೆ. ‘ಪ್ಲಸ್ ಪಿ’ ಅಂತ ಬರೆದಿರುವುದು ಈ ಮಿತಿ ದಾಟಿದ್ದು. ಇನ್ನೊಂದು ವಿಷಯ, .45-70ಗೆ ‘ಪ್ಲಸ್ ಪಿ’ ಅನ್ನುವ ಅಳತೆಯನ್ನು ಸಾಮಿ ಇಟ್ಟೇ ಇಲ್ಲ. ಅಂದರೆ ಎಷ್ಟು ಜಾಸ್ತಿ ಅನ್ನುವುದು ಆ ತೋಟ ಮಾಡಿದವರಿಗೆ ಬಿಟ್ಟಿದ್ದು.

ಟ್ರ್ಯಾಪ್‌ಡೋರ್ ಹೇಗೆ ಬೀಗ ಬೀಳುತ್ತದೆ ಅಂತ ಭಾವ ಒಮ್ಮೆ ಬಿಚ್ಚಿ ನೋಡಲಿ. ಮುಚ್ಚಳಕ್ಕೆ ಮುಂದೆ ಒಂದು ಕೀಲು. ಹಿಂದೆ ಹೆಬ್ಬೆರಳಿನಿಂದ ತಿರುಗಿಸುವ ಸಣ್ಣ ಕ್ಯಾಮ್, ಅದು ಹಿಂದಿನ ಗೋಡೆಯಲ್ಲಿ ಸಿಕ್ಕಿ ನಿಲ್ಲುತ್ತದೆ. ಅಷ್ಟೇ. ಈಡು ಹಾರಿದಾಗ ಹಿಂದಕ್ಕೆ ಬರುವ ಏಟನ್ನೆಲ್ಲ ಅದೇ ತಡೆಯಬೇಕು. ಶಾರ್ಪ್ಸ್ ರೈಫಲ್‌ನಲ್ಲಿ ಉಕ್ಕಿನ ದಿಮ್ಮಿ ಮೇಲಿಂದ ಕೆಳಕ್ಕೆ ತೋಡಿನಲ್ಲಿ ಜಾರುತ್ತದೆ, ಹಿಂದಿನ ಗೋಡೆ ಪೂರ್ತಿ ಅದಕ್ಕೆ ಆಸರೆ. ಬ್ರೌನಿಂಗ್ ಮಾಡಿದ ವಿಂಚೆಸ್ಟರ್ 1885 ಹೈ ವಾಲ್ ಕೂಡ ಹಾಗೆ, ಇನ್ನೂ ಗಟ್ಟಿ. ಟ್ರ್ಯಾಪ್‌ಡೋರ್ ಇವುಗಳ ಸಾಲಿಗೆ ಬರುವುದಿಲ್ಲ. ಉಕ್ಕು ಹೊಸದಾದರೂ ಬೀಗದ ಮಾದರಿ 1873ರದ್ದೇ.

ಈಗ ಡಬ್ಬಿಗಳ ವಿಷಯ. ಮೊದಲನೇದು: ರೈಫಲ್ ಜೊತೆ ಬಂದ ಪುಸ್ತಕ ತೆಗೆದು ಓದಿ, ಕಾರ್ಖಾನೆಯ ಸಾಧಾರಣ ತೋಟ ಆಗುತ್ತದೆ ಅಂತ ಇದ್ದರೆ ಬಳಸಬಹುದು. ಡಬ್ಬಿ ಒಡೆದ ಮೇಲೆ ಒಂದೊಂದೇ ತೋಟ ಕೈಯಲ್ಲಿ ಹಿಡಿದು ನೋಡಲಿ, ಕಿಲುಬು, ಬಿರುಕು, ಗುಂಡು ಸಡಿಲ ಇದ್ದರೆ ಪಕ್ಕಕ್ಕೆ. ಎರಡನೇದು: ಬೇಡ. ಆ ಸಣ್ಣ ಅಕ್ಷರದಲ್ಲಿ ಏನಿದೆ ಅಂತ ನಾನು ಈಗಲೇ ಊಹಿಸಬಲ್ಲೆ, ಆದರೂ ಓದಿ ಹೇಳಿ.

ಮೂರನೇದು ನನಗೆ ಎಲ್ಲಕ್ಕಿಂತ ಹೆದರಿಕೆ. ಯಾರೋ ಮನೆಯಲ್ಲಿ ಕೂತು ತುಂಬಿದ ತೋಟ ಅದು. ಅವರ ಹತ್ತಿರ ರೂಗರ್ ಇತ್ತೋ ಟ್ರ್ಯಾಪ್‌ಡೋರ್ ಇತ್ತೋ ಯಾರಿಗೆ ಗೊತ್ತು? ಟೇಪ್ ಮೇಲೆ ಬರೆದದ್ದು ಸರಿಯಾಗಿ ಕಾಣಿಸಿದರೂ ನಂಬುವಂತಿಲ್ಲ, ಜನ ಹಳೇ ಡಬ್ಬಿಗೇ ಹೊಸ ತೋಟ ಹಾಕಿಡುತ್ತಾರೆ. ಮತ್ತೆ ಈ ತೋಟದ ಹೊಟ್ಟೆ ದೊಡ್ಡದು. 70 ಗ್ರೇನ್ ಕರಿಮದ್ದು ಹಿಡಿಯಲು ಮಾಡಿದ್ದು. ಹೊಗೆಯಿಲ್ಲದ ಮದ್ದು ಅದರಲ್ಲಿ ತಳದಲ್ಲಿ ಸ್ವಲ್ಪವೇ ಕೂರುತ್ತದೆ. ಗಮನ ತಪ್ಪಿ ಎರಡು ಸಲ ಹಾಕಿದರೂ ತುಳುಕುವುದಿಲ್ಲ, ಮೇಲೆ ಗುಂಡು ಕೂರಿಸಿದರೆ ಮುಗಿಯಿತು, ಯಾರಿಗೂ ಕಾಣುವುದಿಲ್ಲ. ಮದ್ದು ಹಾಕಲು ಮರೆತ ತೋಟವೂ ಅಷ್ಟೇ ಕೆಟ್ಟದ್ದು. ಕೇಪಿನ (ತೋಟದ ಬುಡದಲ್ಲಿ ಕಿಡಿ ಹೊತ್ತಿಸುವ ಸಣ್ಣ ಲೋಹದ ಬಟ್ಟಲು) ಕಸುವಿಗೇ ಗುಂಡು ನಳಿಗೆಯೊಳಗೆ ಹೋಗಿ ಸಿಕ್ಕಿಕೊಳ್ಳಬಹುದು. ಮುಂದಿನ ಈಡು ಅದಕ್ಕೆ ಹೋಗಿ ಬಡಿದು ನಳಿಗೆ ಸೀಳುತ್ತದೆ. ಸದ್ದು ಎಂದಿನ ಹಾಗೆ ಬರಲಿಲ್ಲ ಅಂದರೆ ಅಲ್ಲೇ ನಿಲ್ಲಿಸಬೇಕು. ಬಾಯಿ ಗುರಿಯ ಕಡೆಗೇ ಇರಲಿ, ಅರ್ಧ ನಿಮಿಷಕ್ಕೂ ಜಾಸ್ತಿ ಕಾಯಿರಿ, ಆಮೇಲೆ ತೆರೆದು ನಳಿಗೆಯ ಒಳಗೆ ಬೆಳಕು ಕಾಣುತ್ತದಾ ನೋಡಿ.

ಕಣ್ಣಿಗೆ ಕನ್ನಡಕ ಇಲ್ಲದೆ ಇಂಥ ರೈಫಲ್ ಹಿಡಿಯಲೇಬಾರದು. ಕೇಪು ತೂತಾದರೆ ಬಿಸಿ ಗ್ಯಾಸ್ ಹಿಂದಕ್ಕೆ, ನೇರ ಮುಖಕ್ಕೆ ಬರುತ್ತದೆ. ಆಗಿನ ಮಾದರಿಗಳಲ್ಲಿ ಕೇಪಿಗೆ ಹೊಡೆಯುವ ಫೈರಿಂಗ್ ಪಿನ್ ದಪ್ಪ, ಅದರ ತೂತು ದೊಡ್ಡದು, ಒತ್ತಡ ಜಾಸ್ತಿ ಆದರೆ ಕೇಪಿನ ತಗಡು ಆ ತೂತಿನೊಳಗೆ ಉಬ್ಬಿ ಹರಿಯುತ್ತದೆ.

---

ಪೀಣ್ಯದ ಮೇಸ್ತ್ರಿ

ಗುರಿಕಾರ ಸರ್ ಚೆನ್ನಾಗಿ ಹೇಳಿದರು. ನಾನು ಕೋವಿಯವನಲ್ಲ, ಪ್ರೆಸ್ ಶಾಪ್‌ನಲ್ಲಿ ಜೀವನ ಕಳೆದವನು. ಲೋಹದ ಲೆಕ್ಕ ಮಾತ್ರ ಹೇಳುತ್ತೇನೆ.

ಪಿಎಸ್‌ಐ ಅಂದರೆ ಏನು ಅಂತ ಎಲ್ಲರಿಗೂ ಅಂದಾಜು ಇದೆ, ಸ್ಕೂಟರ್ ಟೈರಿಗೆ ಬಂಕ್‌ನಲ್ಲಿ ಗಾಳಿ ಹಿಡಿಸುವಾಗ ಮೀಟರ್ 30ರ ಹತ್ತಿರ ನಿಲ್ಲುತ್ತದಲ್ಲ, ಅದೇ ಅಳತೆ. ಇಲ್ಲಿ 28,000. ಈ ತೋಟದ ಬುಡದ ಒಳವ್ಯಾಸ ಸುಮಾರು ಹನ್ನೊಂದೂವರೆ ಮಿಲಿಮೀಟರ್ ಅಂತ ಹಿಡಿಯಿರಿ. 28,000ಕ್ಕೆ ಲೆಕ್ಕ ಹಾಕಿದರೆ ಮುಚ್ಚಳದ ಮೇಲೆ ಬೀಳುವ ಬಲ ಹತ್ತಿರ ಹತ್ತಿರ 2 ಟನ್. 50,000ಕ್ಕೆ ಮೂರೂವರೆ ಟನ್ ದಾಟುತ್ತದೆ. ಹಿತ್ತಾಳೆ ನಳಿಗೆಯ ಗೋಡೆಗೆ ಕಚ್ಚಿಕೊಂಡು ಸ್ವಲ್ಪ ತಡೆಯುತ್ತದೆ ನಿಜ, ಆದರೆ ಎಣ್ಣೆ ಹಚ್ಚಿದ ನಳಿಗೆಯಲ್ಲಿ ಅದೂ ಇಲ್ಲ. ಹೊಡೆಯುವ ಮೊದಲು ತೋಟ ಕೂರುವ ಜಾಗ ಒಣಗಿರಬೇಕು. ಇದನ್ನು ಭಾವನಿಗೆ ಹೇಳಿ, ಹೊಸ ರೈಫಲ್‌ಗೆ ಕಂಪನಿಯವರು ದಪ್ಪ ಎಣ್ಣೆ ಬಳಿದು ಕಳಿಸಿರುತ್ತಾರೆ.

ಈ 2 ಟನ್ ನಿಧಾನಕ್ಕೆ ಕೂರುವ ಭಾರ ಅಲ್ಲ. ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಹೊತ್ತಿನಲ್ಲಿ ಬಂದು ಹೋಗುವ ಏಟು. ಕೀಲು ಮತ್ತು ಪಿನ್ ಇರುವ ಜಾಗದಲ್ಲಿ ಎಲ್ಲಾದರೂ ಸ್ವಲ್ಪ ಸಡಿಲ ಇದ್ದರೆ ಏಟು ಇನ್ನೂ ಕೆಟ್ಟದಾಗಿ ಬೀಳುತ್ತದೆ. ಪಿನ್‌ಗಳು ಮುರಿಯುವುದನ್ನು ನಾನು ತುಂಬಾ ನೋಡಿದ್ದೇನೆ. ಒಂದೇ ಏಟಿಗೆ ಮುರಿಯುವುದು ಅಪರೂಪ. ಕಣ್ಣಿಗೆ ಕಾಣದ ಕೂದಲೆಳೆ ಬಿರುಕು ಮೊದಲು ಬರುತ್ತದೆ. ಆಮೇಲೆ ಪ್ರತಿ ಏಟಿಗೆ ಒಂದಿಷ್ಟು ಬೆಳೆಯುತ್ತದೆ. ಕೊನೆಗೆ ಮುರಿಯುವುದು ಸಾಧಾರಣ ಏಟಿಗೇ. ಮುರಿದ ಪಿನ್ ಅಡ್ಡಕ್ಕೆ ನೋಡಿದರೆ ಗೊತ್ತಾಗುತ್ತದೆ, ಮುಕ್ಕಾಲು ಭಾಗ ನುಣುಪಾಗಿ ಮಾಸಿರುತ್ತದೆ, ಹೊಸದಾಗಿ ಹರಿದ ಜಾಗ ಮಾತ್ರ ಹರಳು ಹರಳಾಗಿ ಹೊಳೆಯುತ್ತದೆ. ಅದಕ್ಕೇ ‘ನಿನ್ನೆ ಎರಡು ಪ್ಲಸ್ ಪಿ ಹೊಡೆದೆ, ಏನೂ ಆಗಲಿಲ್ಲ’ ಅನ್ನುವ ಮಾತಿಗೆ ಅರ್ಥ ಇಲ್ಲ. ಆಗಿರಬಹುದು, ಕಾಣುತ್ತಿಲ್ಲ ಅಷ್ಟೇ.

ಒಂದು ಕಡೆ ಮಾತ್ರ ಭಾವನ ಪರ ನಿಲ್ಲುತ್ತೇನೆ. ಈಗಿನ ಉಕ್ಕು 1873ರ ಕಬ್ಬಿಣಕ್ಕಿಂತ ಎಷ್ಟೋ ಪಾಲು ಒಳ್ಳೆಯದು. ಅದು ಸುಳ್ಳಲ್ಲ. ಆದರೆ ಆ ಹೆಚ್ಚುವರಿ ಗಟ್ಟಿತನ ಇರುವುದು ಕಾರ್ಖಾನೆಯವರ ಲೆಕ್ಕ ತಪ್ಪಿದರೆ, ತೋಟ ಒಂದು ಬಿಸಿಲಲ್ಲಿ ಕಾದು ಒತ್ತಡ ಏರಿದರೆ ಕಾಪಾಡಲಿ ಅಂತ. ಅದನ್ನು ನಾವೇ ಮೊದಲು ತಿಂದುಬಿಟ್ಟರೆ ಆಪತ್ತಿಗೆ ಏನು ಉಳಿಯುತ್ತದೆ?

ಇಟಲಿಯ ಬಂದೂಕು ಅಂದರೆ ನಳಿಗೆ ಮೇಲೆ ಪ್ರೂಫ್ ಮುದ್ರೆ ಇರಲೇಬೇಕು. ಗಾರ್ದೊನೆ ವಾಲ್ ತ್ರೊಂಪಿಯಾ ಅಂತ ಊರು, ಅಲ್ಲಿ ಸರ್ಕಾರದ ಪರೀಕ್ಷಾ ಮನೆ ಇದೆ. ಮಾಮೂಲಿ ಮಿತಿಗಿಂತ ಕಾಲು ಪಾಲಿನಷ್ಟು ಜಾಸ್ತಿ ಒತ್ತಡದ ತೋಟ ಹಾಕಿ ಹೊಡೆದು, ಪಾಸಾದರೆ ಮುದ್ರೆ ಒತ್ತುತ್ತಾರೆ. ಮುದ್ರೆಯ ಫೋಟೋ ತರಿಸಿ.

---

ಕಾಫಿತೋಟದವಳು

ನಮ್ಮ ಮನೆ ಕೊಡಗು, ಈಗ ಇರುವುದು ಜೆ.ಪಿ. ನಗರ. ಅಮೆರಿಕದ ವಿಷಯ ಗೊತ್ತಿಲ್ಲ. ಆದರೆ ಇದೇ ಮಾತನ್ನು ನಮ್ಮ ಊರಿನ ಕೋವಿಗಳ ಬಗ್ಗೆಯೂ ಹೇಳಬೇಕು ಅನ್ನಿಸಿತು. ಇಲ್ಲಿ ಓದುವವರಲ್ಲಿ ತುಂಬಾ ಜನರ ಊರ ಮನೆಯಲ್ಲಿ ಕೇಪಿನ ಕೋವಿಯೋ ಹಳೇ ಜೋಡುನಳಿಗೆಯೋ ಇರುತ್ತದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿಯವರಿಗೆ (ಕೊಡಗಿನ ಹಳೇ ಪದ್ಧತಿಯ ಜಮೀನು ಇರುವವರಿಗೆ) ಲೈಸೆನ್ಸ್ ವಿನಾಯಿತಿ ಇದೆ, 2029ರ ತನಕ ಮುಂದುವರಿಸಿದ್ದಾರೆ. ಮಲೆನಾಡಿನಲ್ಲಿ ಬೆಳೆ ಕಾಯಲು ಲೈಸೆನ್ಸ್ ಇಟ್ಟುಕೊಂಡವರು ಎಷ್ಟೋ ಜನ. ಕೈಲ್‌ಪೊಳ್ದ್ ಅನ್ನುವ ನಮ್ಮ ಆಯುಧ ಪೂಜೆಯ ಹಬ್ಬ ಬಂದಾಗ ಕೋವಿ ತೊಳೆದು ಒರೆಸಿ, ನೆಲ್ಲಕ್ಕಿ ನಡುಬಾಡೆಯಲ್ಲಿ, ಅಂದರೆ ನಡುಮನೆಯಲ್ಲಿ ಇಟ್ಟು, ನಳಿಗೆಗೆ ತೋಕ್ ಪೂ ಅನ್ನುವ ಹೂವು ಸಿಕ್ಕಿಸಿ ಪೂಜೆ ಮಾಡುತ್ತೇವೆ. ಆಮೇಲೆ ಹೊರಗೆ ತೆಂಗಿನಕಾಯಿಗೆ ಗುರಿ ಇಡುವ ಆಟ. ಆಗಲೇ ಹೊಸ ಹುಡುಗರ ಕೈಗೆ ಹಳೇ ಕೋವಿ ಸಿಗುವುದು.

ಕೇಪಿನ ಕೋವಿ ಅಂದರೆ ನಳಿಗೆಯ ಬಾಯಿಂದ ಮದ್ದು, ಗುಂಡು ಹಾಕಿ ಕಡ್ಡಿಯಿಂದ ಜಡಿಯುವುದು. ಅದಕ್ಕೆ ಕರಿಮದ್ದು ಬಿಟ್ಟು ಬೇರೆ ಏನೂ ಹಾಕಬಾರದು. ಕರಿಮದ್ದು ಸಿಗಲಿಲ್ಲ ಅಂತ 12 ಬೋರ್ ತೋಟ ಬಿಚ್ಚಿ ಅದರ ಮದ್ದು ಸುರಿಯುವವರನ್ನು ಕೇಳಿದ್ದೇನೆ. ದಯವಿಟ್ಟು ಬೇಡ. ಆ ಮದ್ದಿನ ಗುಣವೇ ಬೇರೆ, ಒತ್ತಡ ಏರಿದಷ್ಟೂ ಅದು ಇನ್ನೂ ಜೋರಾಗಿ ಉರಿಯುತ್ತದೆ. ಕರಿಮದ್ದಿನ ಅಳತೆ ಚಿಪ್ಪಿನಲ್ಲಿ ಅದನ್ನು ಅಳೆದು ಹಾಕಿದರೆ ಕೋವಿ ಬಾಂಬ್ ಆಗುತ್ತದೆ, ಎಡಗೈ ಇರುವ ಜಾಗದಲ್ಲೇ ಒಡೆಯುತ್ತದೆ. ಪಟಾಕಿ ಬಿಚ್ಚಿ ತೆಗೆದ ಮದ್ದು ಇನ್ನೂ ಕೆಟ್ಟದ್ದು. ಕೋವಿ ಹೊಸದಾಗಿ ಮಾಡಿಸಿದ್ದು, ನಳಿಗೆ ದಪ್ಪ ಇದೆ ಅನ್ನುವುದು ಇಲ್ಲಿಯೂ ಕೆಲಸಕ್ಕೆ ಬರುವುದಿಲ್ಲ.

ನಮ್ಮಜ್ಜ ಕಲಿಸಿದ್ದು ಒಂದು ಇದೆ. ಕೋವಿ ಖಾಲಿ ಇದ್ದಾಗ ಕಡ್ಡಿಯನ್ನು ತಳ ಮುಟ್ಟುವ ತನಕ ಇಳಿಸಿ, ನಳಿಗೆಯ ಬಾಯಿ ಬರುವ ಕಡೆ ಚಾಕುವಿನಿಂದ ಒಂದು ಗೀರು ಹಾಕುವುದು. ಸರಿಯಾದ ಮದ್ದು, ಗುಂಡು ಹಾಕಿ ಜಡಿದ ಮೇಲೆ ಇನ್ನೊಂದು ಗೀರು. ನಮ್ಮ ಮನೆಯ ಕಡ್ಡಿಯಲ್ಲಿ ಎರಡೂ ಗೀರಿಗೆ ಕೆಂಪು ಬಣ್ಣ ತುಂಬಿದ್ದಾರೆ, ಸಂಜೆ ಬೆಳಕಿನಲ್ಲೂ ಕಾಣುತ್ತದೆ. ಯಾರೇ ಕೋವಿ ಎತ್ತಿಕೊಂಡರೂ ಮೊದಲು ಕಡ್ಡಿ ಇಳಿಸಿ ನೋಡಲೇಬೇಕು. ಮೇಲಿನ ಗೀರು ಬಾಯಿಗೆ ಸರಿಯಾಗಿ ಬಂದರೆ ಖಾಲಿ. ಕೆಳಗಿನದು ಬಂದರೆ ಒಳಗೆ ಈಡು ಇದೆ. ಕೆಳಗಿನ ಗೀರೂ ಹೊರಗೇ ಎದ್ದು ನಿಂತರೆ ಒಂದೋ ಎರಡು ಸಲ ತುಂಬಿದ್ದಾರೆ, ಇಲ್ಲವೇ ಗುಂಡು ಮದ್ದಿನ ಮೇಲೆ ಕೂರದೆ ಮಧ್ಯದಲ್ಲೇ ನಿಂತಿದೆ. ಹಾಗೆ ನಿಂತ ಗುಂಡು ನಳಿಗೆಗೆ ಬಿರಡೆ ಹಾಕಿದ ಹಾಗೆ. ಹೊಡೆದರೆ ಅಲ್ಲೇ ಉಬ್ಬುತ್ತದೆ, ಇಲ್ಲ ಒಡೆಯುತ್ತದೆ. ಇನ್ನೊಂದು ಮಾತು, ಜಡಿಯುವಾಗ ಮುಖ ಎಂದೂ ಬಾಯಿಯ ಮೇಲೆ ಬರಬಾರದು, ಕೇಪು ಎಲ್ಲಕ್ಕಿಂತ ಕೊನೆಗೆ.

ತೋಟದ ಕೋವಿಯಲ್ಲೂ ಇಂಥದ್ದು ಇದೆ. 12 ಬೋರ್ ಕೋವಿಗೆ 20 ಬೋರ್ ತೋಟ ಹಾಕಿದರೆ ಅದು ಜಾರಿ ಒಳಗೆ ಹೋಗಿ ನಳಿಗೆಯಲ್ಲಿ ನಿಲ್ಲುತ್ತದೆ. ಹಿಂದೆ ಜಾಗ ಖಾಲಿ ಕಾಣುತ್ತದೆ. ಇನ್ನೊಂದು 12 ಬೋರ್ ಹಾಕಿ ಹೊಡೆದರೆ ಎರಡೂ ಸೇರಿ ಹಾರುತ್ತವೆ. 20 ಬೋರ್ ತೋಟ ಹಳದಿ ಬಣ್ಣದಲ್ಲಿ ಮಾಡುವುದು ಇದೇ ಕಾರಣಕ್ಕೆ. ಇನ್ನು ತಾತನ ಕಾಲದ ಇಂಗ್ಲೆಂಡ್ ಜೋಡುನಳಿಗೆ ಇದ್ದವರು ತೋಟದ ಉದ್ದ ನೋಡಿ. ಅವುಗಳಲ್ಲಿ ತುಂಬಾ ಕೋವಿಗಳಿಗೆ ತೋಟ ಕೂರುವ ಜಾಗ ಎರಡೂವರೆ ಇಂಚು, ಅಂದರೆ 65 ಮಿಲಿಮೀಟರ್. 70 ಮಿಲಿಮೀಟರ್ ತೋಟ ಒಳಗೆ ಸುಲಭವಾಗಿ ಕೂರುತ್ತದೆ, ಯಾಕೆಂದರೆ ಆ 70 ಅನ್ನುವುದು ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಹೊಡೆದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಮುಂದಿನ ಕಿರಿದಾದ ಕಡೆ ಸಿಕ್ಕಿ ಒತ್ತಡ ಏರುತ್ತದೆ. ಇಲ್ಲೂ ಅಷ್ಟೇ ನೋಡಿ, ಕೂತಿತು ಅನ್ನುವುದೇ ಮೋಸ ಮಾಡುವುದು.

---

ಹನುಮಂತನಗರ ಹುಡುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂವರದ್ದೂ ಭಾವನಿಗೆ ಓದಿ ಹೇಳಿದೆ. ಮೇಸ್ತ್ರಿ ಸರ್ ಹೇಳಿದ 2 ಟನ್ ಲೆಕ್ಕ ಕೇಳಿ ಸುಮ್ಮನಾದರು.

ಫೋಟೋ ಬಂತು. ಎರಡನೇ ಡಬ್ಬಿಯ ಸಣ್ಣ ಅಕ್ಷರ: ಟ್ರ್ಯಾಪ್‌ಡೋರ್ ರೈಫಲ್‌ಗಳಲ್ಲಿ, ಅಸಲಿ ಆಗಲಿ ನಕಲು ಆಗಲಿ, ಹೊಡೆಯಬಾರದು. ಸ್ಪಷ್ಟವಾಗಿ ಬರೆದಿದ್ದಾರೆ. ರೈಫಲ್ ಜೊತೆ ಬಂದ ಪುಸ್ತಕದಲ್ಲೂ ಸಾಧಾರಣ ಒತ್ತಡದ ತೋಟ ಮಾತ್ರ ಅಂತ ಇದೆ. ನಳಿಗೆಯ ಬುಡದಲ್ಲಿ ನಕ್ಷತ್ರ ಇರುವ ಎರಡು ಮುದ್ರೆ ಇವೆ. ಒಂದರ ಕೆಳಗೆ ಪಿಎಸ್‌ಎಫ್ ಅಂತ ಮೂರು ಅಕ್ಷರ. ಪಕ್ಕದಲ್ಲಿ ಸಣ್ಣ ಚೌಕದೊಳಗೆ ಎರಡು ಅಕ್ಷರ. ಇದರ ಅರ್ಥ ಏನು?

ಇನ್ನೆರಡು ಪ್ರಶ್ನೆ. ಭಾವನಿಗೆ ಈಗ ಕರಿಮದ್ದಿನಲ್ಲೇ ಹೊಡೆಯುವ ಆಸೆ ಬಂದಿದೆ, ಅದು ಸುರಕ್ಷಿತವಾ? ಮತ್ತೆ ಅವರ ಸ್ನೇಹಿತರೊಬ್ಬರು ಮಾರ್ಟಿನಿ-ಹೆನ್ರಿ ಅನ್ನುವ ಹಳೇ ರೈಫಲ್ ಒಂದನ್ನು ಕಮ್ಮಿ ಬೆಲೆಗೆ ಕೊಡುತ್ತೇನೆ ಅಂತಿದ್ದಾರೆ, ಅಫ್ಘಾನಿಸ್ತಾನದಿಂದ ಬಂದದ್ದಂತೆ.

---

ಗುರಿಕಾರ

ಪಿಎಸ್‌ಎಫ್ ಅಂದರೆ ಹೊಗೆಯಿಲ್ಲದ ಮದ್ದಿನಲ್ಲಿ ಪರೀಕ್ಷೆ ಮಾಡಿದ್ದಾರೆ ಅಂತ. ಚೌಕದೊಳಗಿನ ಎರಡು ಅಕ್ಷರ ಪರೀಕ್ಷೆಯಾದ ವರ್ಷದ ಗುರುತು. ಒಳ್ಳೆಯದಾಯಿತು, ಮೊದಲನೇ ಡಬ್ಬಿ ಧೈರ್ಯವಾಗಿ ಬಳಸಬಹುದು. ಆದರೆ ಆ ಪರೀಕ್ಷೆ ಮಾಡಿದ್ದು ಸಾಧಾರಣ .45-70ರ ಮಿತಿಯ ಲೆಕ್ಕದಲ್ಲಿ. ಪ್ಲಸ್ ಪಿಗೆ ಅದು ಒಪ್ಪಿಗೆ ಅಲ್ಲ. ಪಿಎನ್ ಅಂತ ಮಾತ್ರ ಇರುವ ಬಂದೂಕು ಸಿಕ್ಕರೆ ಅದು ಕರಿಮದ್ದಿನ ಪರೀಕ್ಷೆ. ಬಾಯಿಂದ ತುಂಬುವ ಇಟಲಿ ನಕಲುಗಳ ಮೇಲೆ ಅದೇ ಇರುತ್ತದೆ, ಜೊತೆಗೆ ಕರಿಮದ್ದು ಮಾತ್ರ ಅಂತ ಇಂಗ್ಲಿಷ್‌ನಲ್ಲಿ ಕೊರೆದಿರುತ್ತಾರೆ. ಅಂಥದ್ದಕ್ಕೆ ಹೊಗೆಯಿಲ್ಲದ ಮದ್ದು ಒಂದು ಚಿಟಿಕೆಯೂ ಬೇಡ.

ಕರಿಮದ್ದಿನ ಆಸೆ ಒಳ್ಳೆಯದೇ. ಆ ರೈಫಲ್ ಹುಟ್ಟಿದ್ದೇ ಅದಕ್ಕೆ. ಸದ್ದು ಬೇರೆ, ಹೊಗೆ ಬೇರೆ, ಹೊಡೆದ ಮೇಲೆ ಗುರಿ ಕಾಣಲು ಗಾಳಿ ಬೀಸುವ ತನಕ ಕಾಯಬೇಕು. ಆದರೆ ತೋಟದೊಳಗೆ ಕರಿಮದ್ದಿಗೂ ಗುಂಡಿಗೂ ಮಧ್ಯೆ ಖಾಲಿ ಜಾಗ ಇರಲೇಬಾರದು, ಗುಂಡು ಮದ್ದನ್ನು ಒತ್ತಿಕೊಂಡು ಕೂರಬೇಕು. ಖಾಲಿ ಬಿಟ್ಟರೆ ನಳಿಗೆಯ ಒಳಗೆ ಬಳೆಯ ಹಾಗೆ ಉಬ್ಬು ಬರುತ್ತದೆ. ಕಾಫಿತೋಟದ ಮೇಡಂ ಹೇಳಿದ ಗೀರಿನ ಲೆಕ್ಕವೂ ಇದೇ ಕಾರಣಕ್ಕೆ. ತಾನಾಗೇ ತುಂಬಲು ಹೋಗುವ ಮೊದಲು ಅಲ್ಲಿನ ಕ್ಲಬ್‌ನಲ್ಲಿ ಗೊತ್ತಿರುವವರ ಪಕ್ಕ ಕೂತು ಕಲಿಯಲಿ. ಹೊಡೆದ ದಿನವೇ ಬಿಸಿನೀರು, ಸೋಪು ಹಾಕಿ ತೊಳೆಯಬೇಕು. ನಾಳೆ ಅಂದರೆ ಆಗಲೇ ತುಕ್ಕು. ಕರಿಮದ್ದಿನ ಮಸಿ ಗಾಳಿಯ ತೇವ ಎಳೆದುಕೊಳ್ಳುತ್ತದೆ, ತೋಟ ಕೂರುವ ಜಾಗದಲ್ಲಿ ತುಕ್ಕು ಕುಳಿ ಬಿದ್ದರೆ ಹಿತ್ತಾಳೆ ಅಲ್ಲಿ ಕಚ್ಚಿಕೊಂಡು ಹೊರಗೆ ಬರುವುದಿಲ್ಲ, ಹರಿಯಲೂಬಹುದು.

ಮಾರ್ಟಿನಿ-ಹೆನ್ರಿ ವಿಷಯದಲ್ಲಿ ಹುಷಾರು. ಅಸಲಿ ರೈಫಲ್ ಬ್ರಿಟಿಷ್ ಸೈನ್ಯಕ್ಕೆ 1871ರಲ್ಲಿ ಬಂದದ್ದು, .577/450 ತೋಟ, 85 ಗ್ರೇನ್ ಕರಿಮದ್ದು, ತುಂಬಾ ಗಟ್ಟಿ ಮಾದರಿ. ಆದರೆ ಅಫ್ಘಾನಿಸ್ತಾನದಿಂದ ಬಂದವುಗಳಲ್ಲಿ ಖೈಬರ್ ಕಣಿವೆಯ ಕಡೆ ಕೈಯಲ್ಲಿ ಅರದಿಂದ ಉಜ್ಜಿ ಮಾಡಿದ ನಕಲು ತುಂಬಾ ಇವೆ. ಸಿಕ್ಕಿದ ಕಬ್ಬಿಣ, ಶಾಖ ಕೊಟ್ಟು ಹದ ಮಾಡಿದ್ದಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಮುದ್ರೆ ನೋಡಿದರೆ ಸಿಕ್ಕಿಬೀಳುತ್ತವೆ. ಇಂಗ್ಲಿಷ್ ಎನ್ ಅಕ್ಷರ ತಿರುಗುಮುರುಗು, ಕಾಗುಣಿತ ತಪ್ಪು. ಕಿರೀಟದ ಕೆಳಗೆ ವಿಕ್ಟೋರಿಯಾ ರಾಣಿಯ ವಿ.ಆರ್. ಅಂತ ಇದ್ದು ಇಸವಿ ಮಾತ್ರ 1901ರ ಆಚೆಗೆ ಇರುವುದೂ ಉಂಟು, ರಾಣಿ ತೀರಿಕೊಂಡದ್ದೇ ಆ ವರ್ಷದ ಜನವರಿಯಲ್ಲಿ. ಅಂಥದ್ದನ್ನು ಗೋಡೆಗೆ ತೂಗುಹಾಕಲು ಬೇಕಾದರೆ ತೆಗೆದುಕೊಳ್ಳಲಿ. ಹೊಡೆಯಲು ಬೇಡ, ಸಣ್ಣ ಮದ್ದಿನಲ್ಲೂ ಬೇಡ.

---

ಚಾಮರಾಜಪೇಟೆ ವಕೀಲ

ತೋಟದ ಮಾತು ಆಯಿತು, ಹೋಗುವ ಮೊದಲು ಇದನ್ನೂ ತಿಳಿದುಕೊಳ್ಳಿ. ಟೂರಿಸ್ಟ್ ವೀಸಾದಲ್ಲಿ ಅಮೆರಿಕಕ್ಕೆ ಹೋದವರು ಅಲ್ಲಿ ಬಂದೂಕು, ತೋಟ ಹೊಂದುವಂತಿಲ್ಲ ಅಂತ ಅಲ್ಲಿನ ಕೇಂದ್ರ ಕಾನೂನು ಇದೆ. ಆ ರಾಜ್ಯದ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಇನ್ನೂ ಕೆಲವು ವಿನಾಯಿತಿ ಇವೆ. ಹಳೇ ಮಾದರಿ ಅಲ್ವಾ, ಆಂಟಿಕ್ ಲೆಕ್ಕಕ್ಕೆ ಬರುತ್ತದೆ ಅಂತ ಅಂದುಕೊಳ್ಳಬೇಡಿ. ಅಂಗಡಿಯಲ್ಲಿ ಸಲೀಸಾಗಿ ಸಿಗುವ ತೋಟ ಹೊಡೆಯುವ ಹೊಸ ನಕಲು ಅಲ್ಲಿಯ ಕಾನೂನಿನಲ್ಲಿ ಮಾಮೂಲಿ ಬಂದೂಕೇ. ಸುಮ್ನೆ ಒಂದು ಈಡು ಹೊಡೆದೆ ಅಂತ ವೀಸಾಗೆ ತೊಂದರೆ ಮಾಡಿಕೊಳ್ಳಬೇಡಿ. ಭಾವ ಅಲ್ಲಿನ ವಕೀಲರನ್ನು ಕೇಳಿ ಖಚಿತ ಮಾಡಿಕೊಳ್ಳಲಿ.

ವಾಪಸ್ ಬರುವಾಗ ನೆನಪಿಗೆ ಅಂತ ಒಂದು ತೋಟ ಬ್ಯಾಗಿನಲ್ಲಿ ಹಾಕಿಕೊಂಡು ಬರಬೇಡಿ. ದೇವನಹಳ್ಳಿ ಏರ್‌ಪೋರ್ಟ್‌ನಲ್ಲಿ ಎಕ್ಸ್‌ರೇಯಲ್ಲಿ ಸಿಕ್ಕರೆ ಆಯುಧ ಕಾಯ್ದೆ ಕೇಸ್ ಆಗುತ್ತದೆ, ಒಂದೇ ಆದರೂ ಅಷ್ಟೇ. ಹೊಡೆದ ಖಾಲಿ ಹಿತ್ತಾಳೆಯೂ ಬೇಡ, ಅಲ್ಲಿ ನಿಂತು ವಿವರಿಸುವುದು ಯಾರಿಗೆ ಬೇಕು? ಅಲ್ಲಿ ಹೊಡೆಯಲು ಹಾಕಿಕೊಂಡ ಜಾಕೆಟ್ ಜೇಬು, ಬ್ಯಾಗಿನ ಪಕ್ಕದ ಜೇಬು ಎರಡೆರಡು ಸಲ ನೋಡಿ.

ಊರಿನ ಕೋವಿ ಇರುವವರಿಗೂ ಒಂದು ಮಾತು. ಅನುಮತಿ ಇಲ್ಲದೆ ಮನೆಯಲ್ಲಿ ತೋಟ ತುಂಬುವುದು ನಮ್ಮಲ್ಲಿ ಅಪರಾಧ. ಲೈಸೆನ್ಸ್ ಇದೆ ಅಂದ ಮಾತ್ರಕ್ಕೆ ತುಂಬಬಹುದು ಅಂತ ಆಗುವುದಿಲ್ಲ.

---

ಹನುಮಂತನಗರ ಹುಡುಗ

ವಕೀಲರೇ, ಇದು ಗೊತ್ತೇ ಇರಲಿಲ್ಲ. ಹಾಗಿದ್ದರೆ ಭಾವನೇ ಹೊಡೆಯಲಿ, ನಾನು ಕನ್ನಡಕ ಹಾಕಿಕೊಂಡು ಹಿಂದೆ ನಿಂತು ನೋಡುತ್ತೇನೆ. ಮಾರ್ಟಿನಿ ಬೇಡ ಅಂತ ಅವರೇ ಹೇಳಿಬಿಟ್ಟರು. ಕೊನೇ ಪ್ರಶ್ನೆ: ಆ ಎರಡು ಡಬ್ಬಿ ಏನು ಮಾಡುವುದು? ಅಕ್ಕ ಕಸದ ತೊಟ್ಟಿಗೆ ಹಾಕುತ್ತೇನೆ ಅಂತಿದ್ದಾಳೆ.

---

ಗುರಿಕಾರ

ಕಸಕ್ಕೆ ಬೇಡವೇ ಬೇಡ, ಕಸದ ಲಾರಿ ಒತ್ತುವಾಗ ಸಿಡಿಯಬಹುದು. ಬೆಂಕಿಗೂ ಹಾಕಬಾರದು, ಹೂಳಲೂಬಾರದು. ಪ್ಲಸ್ ಪಿ ಡಬ್ಬಿ ಚೆನ್ನಾಗಿದ್ದರೆ ರೂಗರ್ ಥರದ ರೈಫಲ್ ಇರುವ ಯಾರಿಗಾದರೂ ಡಬ್ಬಿ ಸಮೇತ ಕೊಡಬಹುದು, ಅಲ್ಲಿನ ಬಂದೂಕು ಅಂಗಡಿಯಲ್ಲಿ ಕೇಳಲಿ. ಟೇಪ್ ಅಂಟಿಸಿದ ಡಬ್ಬಿ ಯಾರಿಗೂ ಕೊಡಬಾರದು. ಅದರ ಮೇಲೆ ದೊಡ್ಡ ಅಕ್ಷರದಲ್ಲಿ ‘ಹೊಡೆಯಬಾರದು’ ಅಂತ ಬರೆದು, ಒಳ್ಳೆಯ ತೋಟದಿಂದ ದೂರ ಬೀಗ ಹಾಕಿ ಇಟ್ಟು, ಅಲ್ಲಿನ ಶೆರಿಫ್ ಕಚೇರಿಗೆ ಫೋನ್ ಮಾಡಿ ಹಳೇ ತೋಟ ತೆಗೆದುಕೊಳ್ಳುತ್ತೀರಾ ಅಂತ ಕೇಳಲಿ. ಫೋನ್ ಮಾಡದೆ ಡಬ್ಬಿ ಹಿಡಿದುಕೊಂಡು ಹೋಗುವುದು ಬೇಡ. ಮನೆಯಲ್ಲಿ ಮಕ್ಕಳಿದ್ದರಂತೂ ಈ ವಾರವೇ ಮುಗಿಸಲು ಹೇಳಿ.